ಕೊಡಗಿನಿಂದ ಆಫ್ರಿಕಾಕ್ಕೆ: ತೋಟದ ಕೆಲಸ ಕೆಡದಂತೆ ಪ್ರವಾಸ ಹೂಡುವುದು ಹೇಗೆ

ಆಫ್ರಿಕಾ ಪ್ರವಾಸಕ್ಕೆಂದು ಪಟ್ಟಿ ಬರೆಯಲು ಕೂತವರ ಹಾಳೆಯಲ್ಲಿ ಈಜಿಪ್ಟಿನ ಪಿರಮಿಡ್, ಕೀನ್ಯಾದ ಸಿಂಹ, ವಿಕ್ಟೋರಿಯಾ ಜಲಪಾತ, ಕೇಪ್‌ಟೌನ್ ಎಲ್ಲವೂ ಒಟ್ಟಿಗೇ ಇರುತ್ತವೆ. ಅಷ್ಟನ್ನೂ ಹದಿನೈದು ದಿನದಲ್ಲಿ ಮುಗಿಸುವ ಹಂಬಲ ಬೇರೆ. ಅದು 54 ದೇಶಗಳ, ಸುಮಾರು 3 ಕೋಟಿ ಚದರ ಕಿಲೋಮೀಟರ್ ವಿಸ್ತಾರದ ಖಂಡ. ಭಾರತದಂಥ ಒಂಬತ್ತು ದೇಶ ಅದರೊಳಗೆ ಹಿಡಿಸುತ್ತವೆ. ಕೈರೋದಿಂದ ಕೇಪ್‌ಟೌನ್‌ಗೆ ವಿಮಾನದ ದಾರಿಯೇ 7,000 ಕಿ.ಮೀ. ದಾಟುತ್ತದೆ. ಹಾಗಾಗಿ ಒಂದು ಸಲಕ್ಕೆ ಒಂದೇ ಭಾಗ, ಹೆಚ್ಚೆಂದರೆ ಅಕ್ಕಪಕ್ಕದ ಎರಡು ದೇಶ. ಇದನ್ನು ಒಪ್ಪಿಕೊಂಡರೆ ಅರ್ಧ ಯೋಜನೆ ಮುಗಿದಂತೆ.

ಕೊಡಗಿನವರಿಗೆ ಇನ್ನೊಂದು ತೊಡಕಿದೆ. ಇಲ್ಲಿ ರಜೆ ಕೊಡುವುದು ತೋಟ ಮತ್ತು ಗದ್ದೆ. ಆದ್ದರಿಂದ ಎಲ್ಲಿಗೆ ಎನ್ನುವುದಕ್ಕಿಂತ ಮೊದಲು ಯಾವಾಗ ಎನ್ನುವುದನ್ನು ತೀರ್ಮಾನಿಸಬೇಕು.

ಮೊದಲ ಹೆಜ್ಜೆ: ತಿಂಗಳು

ನವೆಂಬರ್ ಕೊನೆಯಿಂದ ಅರೇಬಿಕಾ ಕುಯ್ಲು, ನಡುವೆ ಹುತ್ತರಿ ಹಬ್ಬ, ಜನವರಿಯಿಂದ ರೊಬಸ್ಟಾ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಂದರೆ ಸರಿ, ಬಾರದಿದ್ದರೆ ಸ್ಪ್ರಿಂಕ್ಲರ್ ಹಿಂದೆ ಓಡಾಟ. ಹೂವಾಗಿ ಎರಡು ಮೂರು ವಾರಕ್ಕೆ ಮತ್ತೊಂದು ನೀರು ಬೇಕು. ಈ ನಾಲ್ಕೈದು ತಿಂಗಳಲ್ಲಿ ತೋಟ ಬಿಟ್ಟು ಹೋಗುವುದು ಕಷ್ಟ. ಈಜಿಪ್ಟ್ ನೋಡಲು ಒಳ್ಳೆಯ ಕಾಲವೂ ಇದೇ ಚಳಿಗಾಲ. ಬೇಸಿಗೆಯಲ್ಲಿ ಲಕ್ಸರ್ ಕಡೆ ಬಿಸಿಲು 40 ಡಿಗ್ರಿ ಮೀರುತ್ತದೆ. ಹಾಗಾಗಿ ತೋಟದ ಹೊಣೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟವರಿಗೆ ಮಾತ್ರ ಈಜಿಪ್ಟ್ ಸುಲಭ.

ಎಡವುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಮಕ್ಕಳಿಗೆ ರಜೆ, ಪ್ಯಾಕೇಜ್ ದರವೂ ಇಳಿದಿರುತ್ತದೆ. ದರ ಇಳಿಯಲು ಕಾರಣವಿದೆ: ಕೀನ್ಯಾ, ಟಾಂಜಾನಿಯಾಗಳಲ್ಲಿ ಅದು ದೀರ್ಘ ಮಳೆಗಾಲ. ಕಪ್ಪು ಮಣ್ಣಿನ ದಾರಿಯಲ್ಲಿ ವಾಹನ ಹೂತುಕೊಳ್ಳುತ್ತದೆ, ಕೆಲವು ಕ್ಯಾಂಪ್‌ಗಳು ಬಾಗಿಲು ಹಾಕಿರುತ್ತವೆ, ಆಳೆತ್ತರದ ಹುಲ್ಲಿನಲ್ಲಿ ಪ್ರಾಣಿ ಕಾಣುವುದಿಲ್ಲ. ಊರಲ್ಲಿ ಮರಗಸಿ ಅಂದರೆ ನೆರಳಿನ ಮರ ಸವರುವುದು, ಗೊಬ್ಬರ, ಮಳೆಗೆ ಮುಂಚಿನ ಬೋರ್ಡೋ ಸಿಂಪಡಣೆಯೂ ಅದೇ ಹೊತ್ತಿಗೆ ಬಂದಿರುತ್ತವೆ. ಎರಡೂ ಕಡೆ ನಷ್ಟ.

ನಮಗೆ ಹೊಂದುವುದು ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗಿನ ಕಾಲ. ಇಲ್ಲಿ ಕಕ್ಕಡ ತಿಂಗಳ ಮಳೆ ಸುರಿಯುವಾಗ ಪೂರ್ವ ಆಫ್ರಿಕಾದಲ್ಲಿ ಒಣಹವೆ ಇರುತ್ತದೆ, ಕೀನ್ಯಾದ ಮಸಾಯಿ ಮಾರಾ ಕಾಡಿನಲ್ಲಿ ಮಾರಾ ನದಿ ದಾಟುವ ವೈಲ್ಡ್‌ಬೀಸ್ಟ್ ಎಂಬ ಹುಲ್ಲೆಗಳ ಹಿಂಡುಗಳೂ ಆಗಲೇ ಕಾಣಿಸುತ್ತವೆ. ಗದ್ದೆ ಇರುವವರು ನಾಟಿ ಮುಗಿಸಿ ಆಗಸ್ಟ್ ಎರಡನೇ ವಾರ ಹೊರಟರೆ ಕೈಲ್ ಮುಹೂರ್ತದ ಹಬ್ಬಕ್ಕೆ, ಅಂದರೆ ಸೆಪ್ಟೆಂಬರ್ 3ಕ್ಕೆ, ಮನೆ ಸೇರಬಹುದು. ಶಾಲೆಗೆ ಹೋಗುವ ಮಕ್ಕಳಿದ್ದರೆ ದಸರಾ ರಜೆಯೂ ಆದೀತು. ಅಕ್ಟೋಬರ್ ಮೊದಲ ಎರಡು ವಾರ ಮಾರಾದಲ್ಲಿ ಇನ್ನೂ ಹಿಂಡುಗಳಿರುತ್ತವೆ. ನವೆಂಬರ್‌ನಲ್ಲಿ ಅಲ್ಲಿ ಸಣ್ಣ ಮಳೆ ಹಿಡಿಯುತ್ತದೆ.

ಮಳೆಗಾಲದಲ್ಲಿ ಹೊರಡುವವರು ಹೊರಡುವ ಮೊದಲು ತೋಟದ ಚರಂಡಿಗಳ ಹೂಳು ತೆಗೆಸಿರಬೇಕು. ಕೊಳೆರೋಗ ಕಂಡರೆ ಏನು ಮಾಡಬೇಕು, ಮಳೆ ಬಿಟ್ಟ ದಿನ ಯಾವ ಪಟ್ಟೆಯಲ್ಲಿ ಚಿಗುರು ತೆಗೆಸಬೇಕು ಎಂಬುದನ್ನು ತೋಟದ ಲೆಕ್ಕ ನೋಡುವ ರೈಟರ್ ಕೈಗೆ ಬರೆದುಕೊಡಿ. ಬಾಯಲ್ಲಿ ಹೇಳಿದ್ದು ಎರಡನೇ ವಾರಕ್ಕೆ ಮರೆತುಹೋಗುತ್ತದೆ. ಬಟವಾಡೆಯ ಹಣ ಯಾರ ಕೈಯಲ್ಲಿ ಎನ್ನುವುದನ್ನೂ ಮೊದಲೇ ಇತ್ಯರ್ಥ ಮಾಡಿ.

ಕಾಯ್ದಿರಿಸುವ ಕಾಲ ಮಾತ್ರ ತಾನಾಗಿ ಕೂಡಿಬರುತ್ತದೆ. ಮಾರಾದ ಒಳ್ಳೆಯ ಕ್ಯಾಂಪ್‌ಗಳು ಆಗಸ್ಟ್‌ಗೆ ಆರು ತಿಂಗಳು ಮುಂಚೆಯೇ ತುಂಬುತ್ತವೆ. ಅಂದರೆ ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ದುಡ್ಡು ಕೈಗೆ ಬಂದಾಗ ಮುಂಗಡ ಕೊಡಬೇಕು. ವಿದೇಶ ಪ್ಯಾಕೇಜ್‌ಗೆ ಟ್ರಾವೆಲ್ಸ್‌ನವರು ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತಾರೆ. ಹಸಿ ಹಣ್ಣನ್ನೋ ಒಣಗಿಸಿದ ಕಾಫಿಯನ್ನೋ ಮಾರುವ ಬೆಳೆಗಾರರ ಆದಾಯ ಕೃಷಿ ಆದಾಯವಾದ್ದರಿಂದ ಹಲವರು ರಿಟರ್ನ್ಸ್ ಹಾಕುವುದೇ ಇಲ್ಲ. ಆ ವರ್ಷ ಹಾಕಿ. ಹಾಕದಿದ್ದರೆ ಹಿಡಿದ ಹಣ ವಾಪಸಾಗುವುದಿಲ್ಲ.

ಎರಡನೇ ಹೆಜ್ಜೆ: ಕಾಗದಪತ್ರ, ಚುಚ್ಚುಮದ್ದು

ಪಾಸ್‌ಪೋರ್ಟ್ ವಾಪಸಾಗುವ ದಿನದಿಂದ ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿರಬೇಕು, ಖಾಲಿ ಪುಟ ಎರಡಾದರೂ ಇರಬೇಕು. ನಮ್ಮಲ್ಲಿ ಮನೆಹೆಸರು ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಹಿಂದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್ ಆಗಿರುವುದು ಸಾಮಾನ್ಯ. ಟಿಕೆಟ್, ವೀಸಾ, ಚುಚ್ಚುಮದ್ದಿನ ಪುಸ್ತಕ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವೇ ಇರಲಿ.

ಕೀನ್ಯಾಕ್ಕೆ 2024ರ ಜನವರಿಯಿಂದ ವೀಸಾ ಇಲ್ಲ. ಅದರ ಬದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಪಡೆಯಬೇಕು. ಶುಲ್ಕ 30 ಡಾಲರ್ ಆಸುಪಾಸು. ಹೊರಡುವ ವಾರದವರೆಗೆ ಕಾಯಬೇಡಿ. ಟಾಂಜಾನಿಯಾದ ಇ–ವೀಸಾಗೆ 50 ಡಾಲರ್. ಕೀನ್ಯಾ, ಉಗಾಂಡಾ, ರುವಾಂಡಾ ಮೂರೂ ನೋಡುವವರಿಗೆ 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಇದೆ. 90 ದಿನ, ಎಷ್ಟು ಸಲ ಬೇಕಾದರೂ ಗಡಿ ದಾಟಬಹುದು. ಟಾಂಜಾನಿಯಾ ಇದರಲ್ಲಿ ಸೇರಿಲ್ಲ. ಜಂಜಿಬಾರ್ ದ್ವೀಪಕ್ಕೆ ಹೋಗುವುದಾದರೆ 2024ರ ಅಕ್ಟೋಬರ್‌ನಿಂದ ಅಲ್ಲಿನದೇ 44 ಡಾಲರಿನ ವಿಮೆ ಕಡ್ಡಾಯ. ನಿಮ್ಮಲ್ಲಿರುವ ಭಾರತದ ಪ್ರಯಾಣ ವಿಮೆಯನ್ನು ಅದಕ್ಕೆ ಬದಲಾಗಿ ಒಪ್ಪುವುದಿಲ್ಲ. ಶುಲ್ಕಗಳು ಬದಲಾಗುತ್ತಲೇ ಇರುತ್ತವೆ, ಕಟ್ಟುವ ಮೊದಲು ಆಯಾ ಸರ್ಕಾರದ ಜಾಲತಾಣದಲ್ಲಿ ನೋಡಿಕೊಳ್ಳಿ. ಸರ್ಕಾರದ ಮುಖವಾಡ ಹಾಕಿ ಎರಡರಷ್ಟು ಸುಲಿಯುವ ಜಾಲತಾಣಗಳೂ ಇವೆ.

ಇನ್ನು ಹಳದಿ ಜ್ವರದ ಚುಚ್ಚುಮದ್ದು. ಇದರಲ್ಲಿ ತಪ್ಪಿದವರು ಪ್ರವಾಸವನ್ನೇ ಕೆಡಿಸಿಕೊಳ್ಳುತ್ತಾರೆ. ಭಾರತದಿಂದ ನೇರವಾಗಿ ಇಳಿದವರನ್ನು ಕೀನ್ಯಾದವರು ಇದಕ್ಕಾಗಿ ತಡೆಯುವುದಿಲ್ಲ, ಏಕೆಂದರೆ ನಮ್ಮ ದೇಶದಲ್ಲಿ ಆ ಜ್ವರ ಇಲ್ಲ. ತಡೆಯುವುದು ವಾಪಸು ಬಂದಾಗ, ನಮ್ಮದೇ ವಿಮಾನ ನಿಲ್ದಾಣದಲ್ಲಿ. ಜ್ವರ ಇರುವ ದೇಶದಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಜ್ವರ ಹರಡುವ ಸೊಳ್ಳೆ ಇಲ್ಲಿ ಧಾರಾಳವಾಗಿದೆ, ವೈರಸ್ ಮಾತ್ರ ಬಂದಿಲ್ಲ. ಅದಕ್ಕೇ ಈ ಬಿಗಿ. ಕೀನ್ಯಾದಿಂದ ಟಾಂಜಾನಿಯಾಕ್ಕೆ ದಾಟುವಾಗಲೂ ಗಡಿಯಲ್ಲಿ ಈ ಪುಸ್ತಕ ಕೇಳುತ್ತಾರೆ.

ಒಂದೇ ಡೋಸ್, 0.5 ಮಿ.ಲೀ. 2016ರ ಜುಲೈನಿಂದ ಪ್ರಮಾಣಪತ್ರ ಜೀವನಪೂರ್ತಿ ಚಾಲ್ತಿ. ಆದರೆ ಅದು ಜಾರಿಗೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ. ಮಡಿಕೇರಿಯ ಯಾವುದೋ ಕ್ಲಿನಿಕ್ಕಿನಲ್ಲಿ ಹಾಕಿಸಿಕೊಂಡರೆ ನಡೆಯದು. ಕೇಂದ್ರ ಆರೋಗ್ಯ ಇಲಾಖೆ ಒಪ್ಪಿಗೆ ಕೊಟ್ಟ ಕೇಂದ್ರವೇ ಆಗಬೇಕು, ಬೆಂಗಳೂರಿಗೆ ಒಂದು ದಿನ ಇಟ್ಟುಕೊಳ್ಳಿ. ಒಡೆದ ಶೀಶೆಯನ್ನು ಆರು ಗಂಟೆಯೊಳಗೆ ಮುಗಿಸಬೇಕಾದ್ದರಿಂದ ವಾರದ ಗೊತ್ತಾದ ದಿನಗಳಲ್ಲಷ್ಟೇ, ಹೆಸರು ಬರೆಸಿದವರಿಗಷ್ಟೇ ಕೊಡುವುದುಂಟು. ಕೊನೆಯ ವಾರಕ್ಕೆ ಬಿಟ್ಟರೆ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇದು ಜೀವಂತ ವೈರಸ್ಸಿನ ಲಸಿಕೆ. ಮೊಟ್ಟೆ ಒಗ್ಗದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿಯಲ್ಲಿರುವವರು, 60 ದಾಟಿದವರು ಮೊದಲು ವೈದ್ಯರನ್ನು ಕೇಳಲೇಬೇಕು. ಹಾಕಿಸಿಕೊಳ್ಳಬಾರದು ಎಂದಾದರೆ ವಿನಾಯಿತಿ ಪತ್ರ ಬರೆಸಿಕೊಳ್ಳಬಹುದು.

ಮಲೇರಿಯಾಕ್ಕೆ ಲಸಿಕೆಯಲ್ಲ, ಮಾತ್ರೆ. ಅಟೊವಾಕ್ವೋನ್–ಪ್ರೊಗ್ವಾನಿಲ್ ಆದರೆ ಹೋಗುವ ಒಂದೆರಡು ದಿನ ಮೊದಲು ಶುರು, ಬಂದ ಮೇಲೆ ಏಳು ದಿನ. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೆ ನಾಲ್ಕು ವಾರ. ಮನೆಗೆ ಬಂದ ಖುಷಿಯಲ್ಲಿ ನಿಲ್ಲಿಸಿಬಿಡುವುದೇ ಎಲ್ಲರೂ ಮಾಡುವ ತಪ್ಪು. ಯಾವುದು ನಿಮಗೆ ಒಗ್ಗುತ್ತದೆ ಎಂಬುದನ್ನು ವೈದ್ಯರೇ ಹೇಳಲಿ.

ವಿಮೆ ಮಾಡಿಸುವಾಗ ರೋಗಿಯನ್ನು ವಿಮಾನದಲ್ಲಿ ಸಾಗಿಸುವ ವೆಚ್ಚ ಸೇರಿದೆಯೇ ಎಂದು ನೋಡಿ. ಪೂರ್ವ ಆಫ್ರಿಕಾದಲ್ಲಿ ಈ ಕೆಲಸವನ್ನು 1957ರಿಂದ ಮಾಡುತ್ತ ಬಂದಿರುವುದು ನೈರೋಬಿಯ ಆಮ್ರೆಫ್ ಸಂಸ್ಥೆ. ಕಾಡಿನೊಳಗಿನ ಕ್ಯಾಂಪ್‌ಗಳು ಮೊದಲು ಕರೆಯುವುದು ಸಾಮಾನ್ಯವಾಗಿ ಅವರನ್ನೇ.

ಮೂರನೇ ಹೆಜ್ಜೆ: ಭಾಗವನ್ನು ಆರಿಸುವುದು

ಮೊದಲ ಸಲ ಹೋಗುವವರು ಕೀನ್ಯಾ ಅಥವಾ ಉತ್ತರ ಟಾಂಜಾನಿಯಾ, ಎರಡರಲ್ಲಿ ಒಂದನ್ನು ಹಿಡಿಯುವುದು ಒಳ್ಳೆಯದು. ನಾಗರಹೊಳೆಯ ಸಫಾರಿ ಕಂಡವರಿಗೆ ಅಲ್ಲಿ ಬೇರೆಯಾಗಿ ಕಾಣುವುದು ಬಯಲು. ಇಲ್ಲಿ ಮರದ ಸಂದಿಯಲ್ಲಿ ಬಾಲ ಕಂಡರೂ ಸಂಭ್ರಮ, ಅಲ್ಲಿ ಎರಡು ಕಿಲೋಮೀಟರ್ ಆಚೆಯ ಆನೆ ಹಿಂಡನ್ನು ಎಣಿಸಬಹುದು. ಟಾಂಜಾನಿಯಾದ ಸೆರೆಂಗೆಟಿ ಒಂದೇ 14,700 ಚದರ ಕಿ.ಮೀ. ದಾಟುತ್ತದೆ, ನಮ್ಮ ಜಿಲ್ಲೆಯ ಮೂರೂವರೆ ಪಟ್ಟು.

ಮಸಾಯಿ ಮಾರಾ 1,510 ಚದರ ಕಿ.ಮೀ. ನೈರೋಬಿಯಿಂದ ನರೋಕ್ ಮೂಲಕ ರಸ್ತೆಯಲ್ಲಿ ಐದಾರು ಗಂಟೆ. ವಿಲ್ಸನ್ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಮುಕ್ಕಾಲು ಗಂಟೆ, ಆದರೆ ಮೆತ್ತನೆಯ ಚೀಲದಲ್ಲಿ 15 ಕೆ.ಜಿ. ಮಾತ್ರ. ಗಟ್ಟಿ ಸೂಟ್‌ಕೇಸ್ ಒಯ್ದವರು ಅದನ್ನು ನೈರೋಬಿಯಲ್ಲೇ ಬಿಡಬೇಕಾಗುತ್ತದೆ. ವಿದೇಶಿಯರಿಗೆ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಟಿಕೆಟ್ ನಡೆಯುವುದು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಒಳಗೆ ತಂಗಿದವರು ಹೊರಡುವ ದಿನ ಬೆಳಿಗ್ಗೆ ಹತ್ತರೊಳಗೆ ಗೇಟು ದಾಟದಿದ್ದರೆ ಇನ್ನೊಂದು ದಿನದ ಹಣ ತೆರಬೇಕು. ಅಗ್ಗದ ಪ್ಯಾಕೇಜ್‌ಗಳು ಸೋರುವುದು ಈ ಸಣ್ಣ ಅಕ್ಷರಗಳಲ್ಲೇ.

ಟ್ರಾವೆಲ್ಸ್‌ನವರನ್ನು ಕೇಳಬೇಕಾದ ಪ್ರಶ್ನೆಗಳಿವು: ಹೇಳಿದ ದರದಲ್ಲಿ ಪಾರ್ಕ್ ಶುಲ್ಕ ಸೇರಿದೆಯೇ, ಸೇರಿದ್ದರೆ ಯಾವ ತಿಂಗಳ ದರ? ಕ್ಯಾಂಪ್ ಗೇಟಿನ ಒಳಗೋ ಹೊರಗೋ? ವಾಹನ ಲ್ಯಾಂಡ್ ಕ್ರೂಸರೋ, ಮ್ಯಾಟಡೋರಿನಂಥ ವ್ಯಾನೋ? ಪ್ರತಿಯೊಬ್ಬರಿಗೂ ಕಿಟಕಿಯ ಸೀಟು ಉಂಟೋ? ‘ಮಾರಾ ಹತ್ತಿರ’ ಎಂದು ಬರೆದಿದ್ದರೆ ಅನುಮಾನಿಸಿ. ಗೇಟಿನಿಂದ ಒಂದು ಗಂಟೆ ದೂರದ ಹೋಟೆಲ್ ಆದರೆ ಪ್ರಾಣಿಗಳು ಓಡಾಡುವ ಬೆಳಗಿನ ಹೊತ್ತು ದಾರಿಯಲ್ಲೇ ಕಳೆಯುತ್ತದೆ.

ನದಿ ದಾಟುವುದನ್ನು ನೋಡಲು ಮೂರು ರಾತ್ರಿಗಿಂತ ಕಡಿಮೆ ಇಡಬೇಡಿ. ಹದಿಮೂರು ಲಕ್ಷದಷ್ಟು ವೈಲ್ಡ್‌ಬೀಸ್ಟ್ ಈ ವಲಸೆಯ ಸುತ್ತಿನಲ್ಲಿವೆ, ಜೊತೆಗೆ ಜೀಬ್ರಾಗಳು. ಆದರೂ ದಡಕ್ಕೆ ಬಂದ ಹಿಂಡು ನಾಲ್ಕು ಗಂಟೆ ನಿಂತು ವಾಪಸು ತಿರುಗುವುದುಂಟು. ಮೊದಲ ಪ್ರಾಣಿ ಇಳಿಯುವವರೆಗೆ ಉಳಿದವು ಇಳಿಯುವುದಿಲ್ಲ. ಅವು ಹತ್ತುವ ಜಾಗಕ್ಕೆ ಅಡ್ಡವಾಗಿ ವಾಹನ ನಿಲ್ಲಿಸಿದರೆ ಹಿಂಡು ಬೆದರಿ ಕಡಿದಾದ ಕಡೆ ಹಾರಿ ಕಾಲು ಮುರಿದುಕೊಳ್ಳುತ್ತದೆ. ಹಿಂದೆ ನಿಲ್ಲಿಸಿ ಎಂದು ಚಾಲಕನಿಗೆ ನೀವೇ ಹೇಳಿ. ಅವರು ಮುನ್ನುಗ್ಗುವುದು ಬಹುಮಟ್ಟಿಗೆ ಪ್ರವಾಸಿಗರ ಒತ್ತಾಯಕ್ಕೆ.

ನಕ್ಷೆಯಲ್ಲಿ ಮಾರಾ ಮತ್ತು ಸೆರೆಂಗೆಟಿ ಅಂಟಿಕೊಂಡಿವೆ. ‘ಬೆಳಿಗ್ಗೆ ಅಲ್ಲಿ, ಸಂಜೆ ಇಲ್ಲಿ’ ಎಂದುಕೊಂಡರೆ ಕೆಟ್ಟಿರಿ. ನಡುವಿನ ಗಡಿ ಪ್ರವಾಸಿಗರಿಗೆ ತೆರೆದಿಲ್ಲ. ಇಸೆಬಾನಿಯಾ ಗಡಿಠಾಣೆಯಿಂದ ಸುತ್ತಿ ಹೋಗಬೇಕು, ಒಂದು ದಿನ ಅದಕ್ಕೇ ಮೀಸಲು. ನಕುರು ಸರೋವರದ ಫ್ಲೆಮಿಂಗೊ ಚಿತ್ರ ನೋಡಿ ಮರುಳಾಗುವವರೂ ಇದ್ದಾರೆ. ನೀರಿನ ಮಟ್ಟ ಏರಿದ ಮೇಲೆ ಆ ಹಕ್ಕಿಗಳು ಬಹುಪಾಲು ಬೊಗೊರಿಯಾ ಸರೋವರದ ಕಡೆ ಹೋಗಿವೆ. ನಕುರುವಿಗೆ ಈಗ ಘೇಂಡಾಮೃಗಕ್ಕಾಗಿ ಹೋಗಬೇಕು.

ಕೊಡಗಿನವರು ಬಿಡಬಾರದ, ಪ್ಯಾಕೇಜ್‌ಗಳಲ್ಲಿ ಕಾಣದ ಒಂದು ಜಾಗ ವೊಯ್ ಪಟ್ಟಣದ ಪಕ್ಕದ ಸಗಲ್ಲಾ. ಸಾವೊ ಪೂರ್ವ ರಾಷ್ಟ್ರೀಯ ಉದ್ಯಾನದ ಅಂಚಿನ ಈ ಊರಿನ ರೈತರು ಹೊಲದ ಸುತ್ತ ಜೇನುಪೆಟ್ಟಿಗೆಗಳನ್ನು ತಂತಿಯಲ್ಲಿ ತೂಗುಹಾಕಿದ್ದಾರೆ. ಆನೆ ತಂತಿ ಮುಟ್ಟಿದರೆ ಪೆಟ್ಟಿಗೆ ಅಲುಗಿ ಜೇನು ಎದ್ದುಬರುತ್ತದೆ. ಇದೇ ಉಪಾಯವನ್ನು ಖಾದಿ ಆಯೋಗ 2021ರಲ್ಲಿ ನಮ್ಮ ನಾಗರಹೊಳೆ ಅಂಚಿನಲ್ಲಿ ಪ್ರಯೋಗಕ್ಕೆ ಇಟ್ಟಿತು. ಎರಡಕ್ಕೂ ಇರುವ ವ್ಯತ್ಯಾಸವನ್ನು ಅಲ್ಲಿ ನಿಂತು ನೋಡಬೇಕು: ಆಫ್ರಿಕಾದ ಜೇನು ನಮ್ಮ ತುಡುವೆಗಿಂತ ಬಲು ಮುಂಗೋಪಿ, ಬೇಲಿಯ ಬಲವೆಲ್ಲ ಅದರಲ್ಲಿದೆ. ಪೆಟ್ಟಿಗೆಯಲ್ಲಿ ಜೇನು ಉಳಿಯದಿದ್ದರೆ ಅದು ಬರೀ ತಂತಿ. ನೋಡಲು ಮುಂಚಿತವಾಗಿ ಕೇಳಿಕೊಂಡು ಹೋಗಬೇಕು. ನೈರೋಬಿ–ಮೊಂಬಾಸಾ ರೈಲು 2017ರಿಂದ ಓಡುತ್ತಿದೆ. ಬೆಳಗಿನ ಇಂಟರ್‌ಕೌಂಟಿ ಗಾಡಿ ವೊಯ್‌ನಲ್ಲಿ ನಿಲ್ಲುತ್ತದೆ. ನಿಲ್ದಾಣ ನೈರೋಬಿ ಊರಾಚೆ ಇದೆ, ಚೀಲಗಳನ್ನು ನಾಯಿಗಳಿಂದ ಮೂಸಿಸುತ್ತಾರೆ, ಆದ್ದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಿ.

ಟಾಂಜಾನಿಯಾ ಕಡೆ ಹೋದರೆ ಅರುಶಾದಿಂದ ಹೊರಟು ತರಂಗಿರೆ, ಗೊರೊಂಗೊರೊ, ಸೆರೆಂಗೆಟಿ, ಈ ಕ್ರಮ ಸರಿ. ಗೊರೊಂಗೊರೊ ಸುಮಾರು 600 ಮೀಟರ್ ಆಳದ ಜ್ವಾಲಾಮುಖಿ ಕುಳಿ, ತಳ 260 ಚದರ ಕಿ.ಮೀ. ದಂಡೆ 2,200 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಆಗಸ್ಟ್ ಬೆಳಿಗ್ಗೆ ಮಡಿಕೇರಿಯ ಚಳಿ ಏನೇನೂ ಅಲ್ಲ ಎನಿಸುತ್ತದೆ. ಜಿರಾಫೆ ಕಾಣಲಿಲ್ಲವೆಂದು ಚಾಲಕನನ್ನು ದೂರಬೇಡಿ, ಕುಳಿಯೊಳಗೆ ಜಿರಾಫೆಗಳೇ ಇಲ್ಲ.

ಕಿಲಿಮಂಜಾರೊ 5,895 ಮೀಟರ್. ನಮ್ಮ ತಡಿಯಂಡಮೋಳ್ ಬೆಟ್ಟ 1,748. ತಡಿಯಂಡಮೋಳ್ ಸಲೀಸಾಗಿ ಹತ್ತುವವರೂ ಅಲ್ಲಿ ಸೋಲುವುದು ಕಾಲಿನಿಂದಲ್ಲ, ಪ್ರಾಣವಾಯು ಸಾಲದೆ. ದುಡ್ಡು ಉಳಿಸಲು ಐದು ದಿನದ ಮರಂಗು ದಾರಿ ಹಿಡಿದವರು ತುದಿ ಮುಟ್ಟದೆ ಇಳಿಯುವುದು ಹೆಚ್ಚು, ಏಕೆಂದರೆ ದೇಹ ಎತ್ತರಕ್ಕೆ ಹೊಂದಿಕೊಳ್ಳಲು ದಿನ ಸಾಲುವುದಿಲ್ಲ. ಏಳು ದಿನದ ಮಚಾಮೆ ಅಥವಾ ಎಂಟು ದಿನದ ಲೆಮೊಶೊ ಮೇಲು. ತಲೆನೋವು, ವಾಂತಿ, ತೂರಾಡುವ ನಡಿಗೆ ಕಂಡರೆ ಮಾತ್ರೆ ನುಂಗಿ ಮುಂದೆ ಹೋಗಬಾರದು, ಕೆಳಗೆ ಇಳಿಯಬೇಕು.

ಗೊರಿಲ್ಲಾ ನೋಡಲು ಉಗಾಂಡಾದ ಬ್ವಿಂಡಿ ಕಾಡು. ಪರವಾನಗಿ 800 ಡಾಲರ್, ಅದೇ ರುವಾಂಡಾದಲ್ಲಿ 1,500. ಒಂದು ಗುಂಪಿಗೆ ದಿನಕ್ಕೆ ಎಂಟು ಜನ, ಒಂದೇ ಗಂಟೆ, ವಯಸ್ಸು 15 ತುಂಬಿರಬೇಕು. ಶೀತ, ಕೆಮ್ಮು ಇದ್ದವರನ್ನು ಬಿಡುವುದಿಲ್ಲ, ನಮ್ಮ ನೆಗಡಿ ಅವಕ್ಕೆ ಸಾವು ತಂದೀತು. ಬ್ವಿಂಡಿಗೆ ಬುಹೋಮಾ, ರುಹಿಜಾ, ರುಶಾಗಾ, ನ್ಕುರಿಂಗೊ ಎಂಬ ನಾಲ್ಕು ಬಾಗಿಲು. ಪರವಾನಗಿ ಒಂದು ಬಾಗಿಲಿನದು, ಲಾಡ್ಜ್ ಇನ್ನೊಂದರ ಬಳಿ ಆದರೆ ಬೆಳಿಗ್ಗೆ ಗುಡ್ಡದ ದಾರಿಯಲ್ಲಿ ಗಂಟೆಗಟ್ಟಲೆ ಓಡಬೇಕು, ತಡವಾದರೆ ಹಣ ಹೋಯಿತು. ಪರವಾನಗಿ ಮೊದಲು, ಕೋಣೆ ಆಮೇಲೆ. ಉಗಾಂಡಾದ ವಿಮಾನ ನಿಲ್ದಾಣವಿರುವ ಎಂಟೆಬ್ಬೆಯಿಂದ ರಸ್ತೆಯಲ್ಲಿ ಎಂಟೊಂಬತ್ತು ಗಂಟೆ. ರುವಾಂಡಾದ ಕಿಗಾಲಿಯಲ್ಲಿ ಇಳಿದು ಗಡಿ ದಾಟಿದರೆ ಅದರ ಅರ್ಧ.

ದಕ್ಷಿಣಕ್ಕೆ ಹೋಗುವವರಿಗೆ ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನ. ಅಲ್ಲಿ ನಿಮ್ಮ ಕಾರನ್ನು ನೀವೇ ಓಡಿಸಬಹುದು, ನಮ್ಮಂತೆಯೇ ರಸ್ತೆಯ ಎಡಬದಿ. ಟಾರು ರಸ್ತೆಯಲ್ಲಿ 50, ಮಣ್ಣಿನಲ್ಲಿ 40 ಕಿ.ಮೀ. ಮಿತಿ. ಕತ್ತಲಾಗುವ ಮುನ್ನ ಕ್ಯಾಂಪಿನ ಬೇಲಿಯೊಳಗೆ ಸೇರದಿದ್ದರೆ ದಂಡ. ಜುಲೈ, ಆಗಸ್ಟ್ ಅಲ್ಲಿ ಒಣ ಚಳಿಗಾಲ, ಪ್ರಾಣಿಗಳು ನೀರಿನ ಬಳಿ ಕೂಡುತ್ತವೆ. ಕೇಪ್‌ಟೌನ್‌ನಲ್ಲಿ ಮಾತ್ರ ಆಗ ಮಳೆ. ಮಳೆ ತಪ್ಪಿಸಿಕೊಂಡು ಹೋದವರು ಮತ್ತೆ ಮಳೆಗೆ ಸಿಕ್ಕಬಾರದಲ್ಲ.

ಕಾಫಿ ನೋಡಲು ಎಲ್ಲಿಗೆ

ಅರೇಬಿಕಾದ ತವರು ಇಥಿಯೋಪಿಯಾದ ನೈಋತ್ಯದ ಕಾಡು. ಬೊಂಗಾ ಸುತ್ತಲಿನ ಕಾಫಾ ಪ್ರದೇಶಕ್ಕೆ 2010ರಲ್ಲಿ ಯುನೆಸ್ಕೊದಿಂದ ಜೀವಗೋಳ ಮೀಸಲು ಪ್ರದೇಶವೆಂಬ ಮನ್ನಣೆ ಸಿಕ್ಕಿದೆ. ಬೆಳೆಗಾರರು ಅಲ್ಲಿಗೆ ಹೋಗಲೇಬೇಕು, ಆದರೆ ನಮ್ಮ ಮಳೆಗಾಲದಲ್ಲಿ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ಅಲ್ಲೂ ಜೋರು ಮಳೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಹಣ್ಣು ಕೆಂಪಾಗಿರುತ್ತದೆ. ತುಲಾ ಸಂಕ್ರಮಣ ಮುಗಿಸಿ ಹೊರಟು ಅರೇಬಿಕಾ ಕುಯ್ಲಿಗೆ ಮುನ್ನ ಬರಬಹುದು. ದೇಶದ ಉತ್ತರದಲ್ಲಿ, ಬಂಡೆ ಕೊರೆದ ಚರ್ಚುಗಳ ಲಾಲಿಬೆಲಾ ಇರುವ ಅಮ್ಹಾರಾ ಕಡೆ, 2023ರಿಂದ ಸಂಘರ್ಷವಿದೆ. ವಿದೇಶಾಂಗ ಇಲಾಖೆಯ ಸೂಚನೆ ನೋಡದೆ ಅತ್ತ ಟಿಕೆಟ್ ಮಾಡಬೇಡಿ. ಮನೆಗೆ ಕರೆದು ಕಾಫಿ ಕೊಟ್ಟರೆ ಹಸಿ ಬೀಜ ಹುರಿಯುವುದರಿಂದ ಶುರುವಾಗಿ ಮೂರು ಸುತ್ತು ಆಗುತ್ತದೆ. ಮೊದಲ ಬಟ್ಟಲಿಗೇ ಎದ್ದರೆ ಮನೆಯವರಿಗೆ ಬೇಸರ. ಬುಧವಾರ, ಶುಕ್ರವಾರ ಉಪವಾಸದ ದಿನಗಳಾದ್ದರಿಂದ ಸಸ್ಯಾಹಾರಿಗಳಿಗೆ ಆ ಎರಡು ದಿನ ಊಟ ಸಲೀಸು.

ಆಗಸ್ಟ್‌ನಲ್ಲೇ ಕುಯ್ಲು ಕಾಣಬೇಕೆಂದರೆ ಕಿಲಿಮಂಜಾರೊ ತಪ್ಪಲಿನ ಮೋಶಿ. ಅಲ್ಲಿನ ಚಾಗ್ಗಾ ಜನ ಮನೆಯಂಗಳದಲ್ಲೇ ಬಾಳೆಯ ನೆರಳಲ್ಲಿ ಅರೇಬಿಕಾ ಬೆಳೆಯುತ್ತಾರೆ, 1933ರಷ್ಟು ಹಳೆಯ ಸಹಕಾರ ಸಂಘವೂ ಇದೆ. ಕೀನ್ಯಾದ ಕಿಯಾಂಬು, ನ್ಯೇರಿಯ ತೋಟಗಳಲ್ಲಿ ನೆರಳೇ ಕಡಿಮೆ. ಒಂದು ಬುಡಕ್ಕೆ ಹಲವು ಕಾಂಡ ಬಿಟ್ಟು ಕೆಲವು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ. ಗಿಡ ಸವರುವ ನಮ್ಮ ಒಂಟಿ ಕಾಂಡದ ಕಪಾತಿಗೂ ಅದಕ್ಕೂ ಹೋಲಿಸಿ ನೋಡಬೇಕಾದ್ದು ಬಹಳ. ರೊಬಸ್ಟಾ ಬೆಳೆಗಾರರು ಉಗಾಂಡಾದ ಮಸಾಕಾದಲ್ಲಿ ಇಳಿಯಲಿ. ಕಂಪಾಲಾದಿಂದ ಬ್ವಿಂಡಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ, ಮೇಯಿಂದ ಆಗಸ್ಟ್‌ವರೆಗೆ ಕುಯ್ಲು. ಜಂಜಿಬಾರಿನಲ್ಲಿ ‘ಸಂಬಾರ ತೋಟ ದರ್ಶನ’ ಎಂದು ದುಡ್ಡು ಕೀಳುತ್ತಾರೆ. ಹಿತ್ತಲಲ್ಲೇ ಕರಿಮೆಣಸು, ಏಲಕ್ಕಿ ಇರುವವರು ಆ ಹೊತ್ತನ್ನು ಸ್ಟೋನ್ ಟೌನಿನ ಗಲ್ಲಿಗಳಲ್ಲಿ ಕಳೆಯುವುದು ಲೇಸು.

ಒಳ್ಳೆಯ ಗಿಡ ಕಂಡಾಗ ನಾಲ್ಕು ಬೀಜ ಜೇಬಿಗೆ ಹಾಕಿಕೊಳ್ಳುವ ಆಸೆ ಯಾವ ಬೆಳೆಗಾರನನ್ನೂ ಬಿಡದು. ಮಾಡಬೇಡಿ. ಹಣ್ಣು, ಬೀಜ, ಕಡ್ಡಿ, ಮಣ್ಣು ಯಾವುದನ್ನೂ ಪರವಾನಗಿ ಇಲ್ಲದೆ ತರುವುದು ಸಸ್ಯ ಕ್ವಾರಂಟೈನ್ ಕಾನೂನಿಗೆ ವಿರುದ್ಧ. ಕಾನೂನಿಗಿಂತ ದೊಡ್ಡ ಭಯ ರೋಗದ್ದು. 1922ರಲ್ಲಿ ಕೀನ್ಯಾದಲ್ಲಿ ಗುರುತಿಸಿದ, ಹಸಿರು ಕಾಯಿಯನ್ನೇ ಕೊಳೆಸುವ ಕಾಯಿರೋಗ ಇನ್ನೂ ಆಫ್ರಿಕಾ ದಾಟಿಲ್ಲ. ಉಗಾಂಡಾದಲ್ಲಿ 1990ರ ದಶಕದಿಂದ ರೊಬಸ್ಟಾ ಗಿಡಗಳನ್ನು ನಿಂತಲ್ಲೇ ಒಣಗಿಸಿದ ಸೊರಗು ರೋಗವೂ ಅಲ್ಲೇ ಇದೆ. ಆಫ್ರಿಕಾ ಮೂಲದ ಕಾಯಿಕೊರಕ 1990ರಲ್ಲಿ ಗೂಡಲೂರಿನಲ್ಲಿ ಕಂಡಿತು, ಆಮೇಲೆ ಕೊಡಗಿನಲ್ಲಿ ಏನಾಯಿತು ಎಂಬುದನ್ನು ಯಾರಿಗೂ ಹೇಳಬೇಕಿಲ್ಲ. ಹುರಿದ ಕಾಫಿ ತನ್ನಿ, ಅದಕ್ಕೆ ಅಡ್ಡಿಯಿಲ್ಲ.

ಚೀಲ ಕಟ್ಟುವಾಗ

ಹಳೆಯ ಚೀಲವಾದರೆ ಎಲ್ಲ ಜೇಬುಗಳನ್ನೂ ಮಗುಚಿ ಕೊಡವಿ. ಕೋವಿ ಇರುವ ಮನೆಗಳಲ್ಲಿ ತೋಟ ಕಾಯಲು ಒಯ್ದ ಚೀಲದ ಮೂಲೆಯಲ್ಲಿ ಕೋವಿಯ ತೋಟಾ ಉಳಿದಿರುತ್ತದೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿನಲ್ಲಿರುವ ವಿನಾಯಿತಿ ವಿಮಾನ ನಿಲ್ದಾಣದ ಎಕ್ಸ್–ರೇ ಮುಂದೆ ನಡೆಯದು. ಒಂದೇ ಒಂದು ತೋಟಾ ಸಿಕ್ಕರೂ ಪೊಲೀಸ್ ಕೇಸು, ವಿಮಾನ ಹೋಯಿತು. ಸೇನೆಯಲ್ಲಿದ್ದವರ ಮನೆಗಳಲ್ಲಿ ಮಿಲಿಟರಿ ಚುಕ್ಕೆಯ ಜಾಕೆಟ್ ಇರುವುದು ಸಹಜ. ಉಗಾಂಡಾ, ಜಾಂಬಿಯಾ, ಜಿಂಬಾಬ್ವೆಗಳಲ್ಲಿ ಅದನ್ನು ನಾಗರಿಕರು ತೊಡುವುದು ಅಪರಾಧ. ಟೋಪಿ ಕೂಡ. ಕಡು ನೀಲಿ ಮತ್ತು ಕಪ್ಪು ಬಟ್ಟೆ ಕಚ್ಚುವ ತ್ಸೆತ್ಸೆ ನೊಣವನ್ನು ಸೆಳೆಯುತ್ತವೆ, ಸಫಾರಿಗೆ ಮಾಸಲು ಕಂದು, ಖಾಕಿ ಇರಲಿ. ನೈರೋಬಿ ಆಗಸ್ಟ್‌ನಲ್ಲಿ ರಾತ್ರಿ 11–12 ಡಿಗ್ರಿಗೆ ಇಳಿಯುತ್ತದೆ, ಸ್ವೆಟರ್ ಬೇಕು.

ಪ್ಲಾಸ್ಟಿಕ್ ಕೈಚೀಲಗಳಿಗೆ ಕೀನ್ಯಾದಲ್ಲಿ 2017ರಿಂದ, ಟಾಂಜಾನಿಯಾದಲ್ಲಿ 2019ರಿಂದ ನಿಷೇಧ. ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಅಂಗಡಿಯ ಕವರಿನಲ್ಲಿ ಸುತ್ತದೆ ಡಬ್ಬಿಗೆ ಹಾಕಿ, ಒದ್ದೆ ಬಟ್ಟೆಗೆ ಬಟ್ಟೆಯ ಚೀಲ ಒಯ್ಯಿರಿ. ಅಡುಗೆಯ ಹುಳಿ ಕಾಚಂಪುಳಿಯ ಬಾಟಲಿ ಚೆಕ್–ಇನ್ ಚೀಲದಲ್ಲಿ. ಹಂದಿ ಕರಿ, ಒಣಮಾಂಸ ಮನೆಯಲ್ಲೇ ಇರಲಿ, ಮಾಂಸದ ಪದಾರ್ಥಗಳನ್ನು ಗಡಿಯಲ್ಲಿ ಕಿತ್ತುಕೊಳ್ಳುತ್ತಾರೆ. ಹಂದಿಮಾಂಸ ಬಿಟ್ಟಿರಲಾಗದವರು ಟಾಂಜಾನಿಯಾದ ಒಳನಾಡಿನಲ್ಲಿ ‘ಕಿಟಿಮೊಟೊ’ ಎಂದು ಕೇಳಿ. ಜಂಜಿಬಾರಿನಲ್ಲಿ ಕೇಳಬೇಡಿ, ಅಲ್ಲಿ ಬಹುತೇಕ ಎಲ್ಲರೂ ಮುಸ್ಲಿಮರು. ಉಳಿದಂತೆ ಚಪಾತಿ, ಸಮೋಸ, ಹಾಲು ಹಾಕಿದ ಚಹಾ ಎಲ್ಲ ಕಡೆ ಸಿಗುತ್ತವೆ. 1896ರಿಂದ 1901ರವರೆಗೆ ಮೊಂಬಾಸಾದ ರೈಲುಹಳಿ ಹಾಕಲು ಭಾರತದಿಂದ ಹೋದವರು, ಅವರ ಬೆನ್ನಿಗೇ ಹೋದ ಗುಜರಾತಿ ವ್ಯಾಪಾರಿಗಳು ಬಿಟ್ಟ ರುಚಿ ಅದು.

ಡಾಲರ್ ನೋಟುಗಳು 2013ರ ನಂತರದವು, ಮಡಿಕೆ, ಶಾಯಿ ಗುರುತು ಇಲ್ಲದವು ಇರಲಿ. ಹಳೆಯದನ್ನು ಮುಟ್ಟುವುದಿಲ್ಲ. ಪ್ಲಗ್ಗು ಕೀನ್ಯಾ, ಟಾಂಜಾನಿಯಾ, ಉಗಾಂಡಾಗಳಲ್ಲಿ ಮೂರು ಚೌಕ ಕಾಲಿನದು, ಅಡಾಪ್ಟರ್ ಬೇಕು. ದಕ್ಷಿಣ ಆಫ್ರಿಕಾದ ಹಳೆಯ ಸಾಕೆಟ್ಟಿಗೆ ನಮ್ಮ ಗೀಸರಿನ ದಪ್ಪ ಪ್ಲಗ್ಗೇ ಕೂರುತ್ತದೆ.

ಗಡಿಯಾರದ ವಿಷಯದಲ್ಲಿ ಎಚ್ಚರ. ಕೀನ್ಯಾ, ಟಾಂಜಾನಿಯಾ, ಉಗಾಂಡಾ, ಇಥಿಯೋಪಿಯಾಗಳು ನಮಗಿಂತ ಎರಡೂವರೆ ಗಂಟೆ ಹಿಂದೆ ಎನ್ನುವುದು ಸುಲಭದ ಭಾಗ. ಇಥಿಯೋಪಿಯಾದವರೂ ಸ್ವಾಹಿಲಿ ಆಡುವವರೂ ಗಂಟೆ ಎಣಿಸುವುದು ಸೂರ್ಯೋದಯದಿಂದ. ಅವರ ‘ಒಂದು ಗಂಟೆ’ ನಮ್ಮ ಬೆಳಗಿನ ಏಳು. ಬಸ್ಸಿನ ಸಮಯ ಹೇಳಿದರೆ ಯಾವ ಲೆಕ್ಕ ಎಂದು ಮರಳಿ ಕೇಳಿ.

ಹೊರಡುವುದು, ಬರುವುದು

ಮಳೆಗಾಲದಲ್ಲಿ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರು, ವಿರಾಜಪೇಟೆಯಿಂದ ಪೆರುಂಬಾಡಿ–ಮಾಕುಟ್ಟ ಇಳಿದು ಕಣ್ಣೂರು ವಿಮಾನ ನಿಲ್ದಾಣ, ಎರಡೂ ಹತ್ತಿರವೇ. ಆದರೆ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ದಾರಿ ಏನಾಯಿತು ಎಂಬುದು ನೆನಪಿರಲಿ. ಆ ತಿಂಗಳಲ್ಲಿ ಬೆಂಗಳೂರು ಅಥವಾ ಮುಂಬೈ ಮೂಲಕ ಹೋಗುವುದು ಮೇಲು. ವಿಮಾನದ ಹಿಂದಿನ ದಿನ ಮೈಸೂರಿನ ಆಚೆಗೆ ದಾಟಿರಿ, ಕುಶಾಲನಗರದ ಬಳಿಯೂ ಕಾವೇರಿ ಉಕ್ಕುವುದುಂಟು. ಮುಂಬೈಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಆರು ಗಂಟೆಯಷ್ಟೇ. ಬೆಂಗಳೂರು–ಮುಂಬೈ ಮತ್ತು ಮುಂಬೈ–ನೈರೋಬಿ ಬೇರೆ ಬೇರೆ ಟಿಕೆಟ್ ತೆಗೆದರೆ ಮೊದಲನೆಯದು ತಡವಾದಾಗ ಎರಡನೆಯದರ ಹಣ ಮುಳುಗುತ್ತದೆ. ಒಂದೇ ಟಿಕೆಟ್ಟಾಗಿ ತೆಗೆಯಿರಿ.

ವಾಪಸು ಬರುವಾಗ ಹಳದಿ ಜ್ವರದ ಪುಸ್ತಕ ಕೈಚೀಲದಲ್ಲಿರಲಿ, ಇಳಿದ ಕೂಡಲೇ ಕೇಳುತ್ತಾರೆ. ಅಲ್ಲಿನ ಕಾಫಿ ತೋಟದಲ್ಲಿ ಮೆಟ್ಟಿದ ಬೂಟಿನ ಅಡಿಯ ಮಣ್ಣನ್ನು ಹೊರಡುವ ಮೊದಲೇ, ಅಲ್ಲಿಯೇ, ಬ್ರಷ್ ಹಾಕಿ ತೊಳೆದು ಒಣಗಿಸಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ. ಅದೇ ಬೂಟಿನಲ್ಲಿ ನೇರವಾಗಿ ನಿಮ್ಮ ತೋಟಕ್ಕೆ ಇಳಿಯಬೇಡಿ. ಬಂದು ಮೂರು ತಿಂಗಳೊಳಗೆ ಜ್ವರ ಬಂದರೆ ‘ಮಳೆಗೆ ನೆನೆದದ್ದು’ ಎಂದು ಕಷಾಯ ಕುಡಿದು ಮಲಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಆಫ್ರಿಕಾದಿಂದ ಬಂದೆ ಎಂದು ಹೇಳಿ ಮಲೇರಿಯಾ ರಕ್ತಪರೀಕ್ಷೆ ಕೇಳಿ. ಅಲ್ಲಿನದು ಹೆಚ್ಚಾಗಿ ಫಾಲ್ಸಿಪಾರಮ್ ಜಾತಿ, ಒಂದೆರಡು ದಿನದಲ್ಲೇ ಮಿದುಳಿಗೆ ಏರಬಲ್ಲದು. ನೀವಾಗಿ ಹೇಳದಿದ್ದರೆ ಆ ದಿಕ್ಕಿನಲ್ಲಿ ಯೋಚಿಸಲು ಕೊಡಗಿನ ವೈದ್ಯರಿಗೆ ಕಾರಣವೇ ಇರುವುದಿಲ್ಲ.